ವಾರದ ಊಟದ ಲೆಕ್ಕ

ತಿಂಗಳ ದಿನಸಿಗೆ ಎಷ್ಟಾಯಿತು ಎಂದು ಕೇಳಿದರೆ ನಮ್ಮ ಓಣಿಯ ಯಾವ ಹೆಣ್ಣುಮಗಳೂ ಥಟ್ಟನೆ ಹೇಳುತ್ತಾಳೆ. ವಾರಕ್ಕೆ ಊಟ, ತಿಂಡಿ, ಹಾಲು, ಹಣ್ಣು, ಹೊರಗಿನ ಕುರುಕಲು ಎಲ್ಲ ಸೇರಿ ಎಷ್ಟು ಎಂದರೆ ಮಾತ್ರ ಸುಮ್ಮನಾಗುತ್ತಾಳೆ. ಕಿರಾಣಿ ಅಂಗಡಿಯ ಚೀಟಿ ಡಬ್ಬಿಯಲ್ಲಿರುತ್ತದೆ, ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿರುತ್ತದೆ, ತರಕಾರಿಗೆ ಕೊಟ್ಟ ದುಡ್ಡು ಅರ್ಧ ಮರೆತಿರುತ್ತದೆ, ಬೇಕರಿಯ ಮುಂದೆ ನಿಂತು ಫೋನಿನಿಂದ ಕಟ್ಟಿದ್ದು ಯಾರ ಲೆಕ್ಕಕ್ಕೂ ಸೇರಿರುವುದಿಲ್ಲ. ಅದಕ್ಕೇ ಹೊಸದಾಗಿ ಸಂಸಾರ ಹೂಡಿದ ಮಕ್ಕಳಿಗೆ ನಾನು ಮೊದಲು ಹೇಳುವ ಮಾತು ಇದು: ಒಂದು ತಿಂಗಳ ಮಟ್ಟಿಗಾದರೂ ವಾರವಾರದ ಲೆಕ್ಕ ಬರೆಯಿರಿ. ಬಾಯಿಗೆ ಹೋಗುವ ಪ್ರತಿಯೊಂದೂ ಅದರಲ್ಲಿ ಬರಬೇಕು. ತಿಂಗಳ ದಿನಸಿಯನ್ನು ವಾರಕ್ಕೆ ಇಳಿಸುವಾಗ ನಾಲ್ಕರಿಂದ ಭಾಗಿಸಬೇಡಿ. ತಿಂಗಳೆಂದರೆ ನಾಲ್ಕು ವಾರದ ಮೇಲೆ ಎರಡು-ಮೂರು ದಿನ ಇರುತ್ತವೆ, ಕೈ ಬಿಗಿಯಾಗುವುದೂ ಆ ದಿನಗಳಲ್ಲೇ.

ಬೇರೆಯವರ ಮನೆಯಲ್ಲಿ ಎಷ್ಟಾಗುತ್ತದೆ ಎಂದು ತಿಳಿದುಕೊಳ್ಳಬೇಕೆನಿಸಿದರೆ ಕೇಂದ್ರ ಸರ್ಕಾರದ ಕುಟುಂಬ ಖರ್ಚಿನ ಸಮೀಕ್ಷೆ ಇದೆ. 2023-24ರ ಸಮೀಕ್ಷೆಯಲ್ಲಿ, ಉಚಿತವಾಗಿ ಬಂದ ಪಡಿತರದ ಬೆಲೆ ಸೇರಿಸದೆ, ದೇಶದ ಹಳ್ಳಿಗಳಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂಪಾಯಿ, ಪೇಟೆಗಳಲ್ಲಿ 6,996 ರೂಪಾಯಿ. ಅದರಲ್ಲಿ ಆಹಾರಕ್ಕೆ ಹೋಗುವುದು ಹಳ್ಳಿಯಲ್ಲಿ ನೂರಕ್ಕೆ 47, ಪೇಟೆಯಲ್ಲಿ ನೂರಕ್ಕೆ 40ರ ಹತ್ತಿರ. ವಾರಕ್ಕೆ ಇಳಿಸಿ ನೋಡಿದರೆ ನಾಲ್ಕು ಜನರ ಮನೆಗೆ ಹಳ್ಳಿಯಲ್ಲಿ ಸುಮಾರು 1,800, ಪೇಟೆಯಲ್ಲಿ ಸುಮಾರು 2,560 ರೂಪಾಯಿ ಆಗುತ್ತದೆ. ಇದು 2023-24ರ ದರ, ಆಮೇಲೆ ಹಾಲು-ಎಣ್ಣೆ ಏರಿವೆ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅದೇ ಸಮೀಕ್ಷೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಬೇರೊಂದು ಸಂಗತಿ. ಆಹಾರದ ಬಾಬತ್ತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅಕ್ಕಿಯಲ್ಲ, ಬೇಳೆಯಲ್ಲ, ಹಾಲೂ ಅಲ್ಲ. ಕುಡಿಯುವ ಪಾನೀಯ ಮತ್ತು ಸಿದ್ಧ ತಿಂಡಿ-ತಿನಿಸು. ಪೇಟೆಯವರ ಒಟ್ಟು ಖರ್ಚಿನಲ್ಲಿ ನೂರಕ್ಕೆ 11 ರೂಪಾಯಿ ಅದಕ್ಕೇ ಹೋಗುತ್ತಿದೆ. ನಾಲ್ಕು ಜನರ ಮನೆಗೆ ವಾರಕ್ಕೆ ಏಳುನೂರು ಎಂದಾಯಿತು. ತೊಗರಿಬೇಳೆ ದುಬಾರಿಯಾಯಿತೆಂದು ಸಾರು ತೆಳ್ಳಗೆ ಮಾಡುವ ಮನೆಗಳಲ್ಲೂ ಈ ಏಳುನೂರು ಕಣ್ಣಿಗೆ ಬೀಳದೆ ಹೋಗುತ್ತಿರುತ್ತದೆ.

ಹಾಗಾದರೆ ಆರೋಗ್ಯವಾಗಿ ಉಣ್ಣಲು ನಿಜವಾಗಿ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ಒಬ್ಬರ ದಿನದ ತಟ್ಟೆಯ ಅಳತೆ ಇದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಸೊಪ್ಪೂ ಸೇರಿದಂತೆ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿ, ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ನಾಲ್ಕು ಜನರಿಗೆ ವಾರಕ್ಕೆ ಏಳು ಕಿಲೋ ಧಾನ್ಯ, ಎರಡು ಕಿಲೋ ನಾನೂರು ಗ್ರಾಂ ಬೇಳೆಕಾಳು, ಹನ್ನೊಂದು ಕಿಲೋ ತರಕಾರಿ, ಮೂರು ಕಿಲೋಗೆ ಸ್ವಲ್ಪ ಕಡಿಮೆ ಹಣ್ಣು, ಎಂಟೂವರೆ ಲೀಟರ್ ಹಾಲು, ಒಂದು ಕಿಲೋ ಶೇಂಗಾ, ಮುಕ್ಕಾಲು ಕಿಲೋ ಎಣ್ಣೆ. ದಾವಣಗೆರೆಯ ಈಗಿನ ದರ ಹಿಡಿದು ನಾನು ಲೆಕ್ಕ ಹಾಕಿದ್ದೇನೆ. ಧಾನ್ಯಕ್ಕೆ ಮುನ್ನೂರೈವತ್ತು, ಕಾಳಿಗೆ ಇನ್ನೂರೈವತ್ತು-ಅರವತ್ತು, ತರಕಾರಿಗೆ ನಾನೂರು, ಬಾಳೆ-ಸೀಬೆ-ಪಪ್ಪಾಯಿಗೆ ನೂರೈವತ್ತು, ಹಾಲಿಗೆ ನಾನೂರು, ಶೇಂಗಾಕ್ಕೆ ನೂರನಲವತ್ತು, ಎಣ್ಣೆಗೆ ನೂರಿಪ್ಪತ್ತು. ಬೆಲ್ಲ, ಚಹಾಪುಡಿ, ಹುಣಸೆ, ಮಸಾಲೆಗೆ ಇನ್ನೂರು ಇಟ್ಟರೂ ಎರಡು ಸಾವಿರದ ಆಚೆ-ಈಚೆ ಮುಗಿಯುತ್ತದೆ. ಅನ್ನಭಾಗ್ಯದ ಅಕ್ಕಿ ಬರುವ ಮನೆಗೆ ಇನ್ನೂ ಕಡಿಮೆ. ದರ ವಾರವಾರ ಬದಲಾಗುತ್ತದೆ, ನಿಮ್ಮ ಊರಿನ ದರ ಹಾಕಿ ನೀವೇ ಕೂಡಿಸಿಕೊಳ್ಳಿ. ನನ್ನ ಮಾತು ಇಷ್ಟೇ: ಚೆನ್ನಾಗಿ ಉಣ್ಣಲು ಹೆಚ್ಚು ದುಡ್ಡು ಬೇಕಾಗಿಲ್ಲ, ಈಗ ಹೋಗುತ್ತಿರುವ ದುಡ್ಡಿನ ದಾರಿ ಬದಲಾಗಬೇಕು.

ಆ ದಾರಿ ಬದಲಿಸುವುದು ಕಾಳಿನಿಂದ ಶುರುವಾಗಲಿ. ಹತ್ತು ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತದೆ ಎಂದು ಯಾವ ಅಂಗಡಿಯವನೂ ಬರೆದು ಹಾಕುವುದಿಲ್ಲ, ಆದರೆ ಮನೆ ನಡೆಸುವವರಿಗೆ ಗೊತ್ತಿರಬೇಕು. ಹುರುಳಿಕಾಳಿನಲ್ಲಿ ಅದು ಮೂರು-ನಾಲ್ಕು ರೂಪಾಯಿಗೆ ಸಿಗುತ್ತದೆ. ತೊಗರಿಬೇಳೆ, ಶೇಂಗಾದಲ್ಲಿ ಐದಾರು ರೂಪಾಯಿ, ಮೊಟ್ಟೆಯಲ್ಲಿ ಹನ್ನೊಂದು-ಹನ್ನೆರಡು, ಹಾಲಿನಲ್ಲಿ ಹದಿನಾಲ್ಕು-ಹದಿನೈದು, ಪನೀರಿನಲ್ಲಿ ಇಪ್ಪತ್ತರ ಮೇಲೆ. ಮೊಟ್ಟೆಯ ಪ್ರೋಟೀನ್ ಗುಣದಲ್ಲಿ ಮೇಲು, ಬೆಳೆಯುವ ಮಕ್ಕಳಿಗೆ ಕೊಡುವ ಮನೆಯವರು ಕೊಡಲೇಬೇಕು. ಕಾಳು ತಿನ್ನುವವರೂ ಜೋಳ, ರಾಗಿ, ಅಕ್ಕಿಯ ಜೊತೆ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಧಾನ್ಯ ಮೂರು ಪಾಲಿದ್ದರೆ ಕಾಳು ಒಂದು ಪಾಲು ಇರಲಿ. ಹುರುಳಿಯನ್ನು ದನಕ್ಕೆ ಹಾಕುವ ಕಾಳು ಎಂದು ಪೇಟೆಯ ಸೊಸೆಯಂದಿರು ಮೂಗು ಮುರಿಯುತ್ತಾರೆ. ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ, ಮಾರನೆಯ ದಿನ ಮೊಳಕೆ ಬಂದ ಮೇಲೆ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳಿಗೆ ಈರುಳ್ಳಿ-ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಬಡಿಸಿ ನೋಡಿ. ಚಳಿಗಾಲದಲ್ಲಿ ಬಿಸಿ ಮುದ್ದೆಗೆ ಆ ಸಾರಿನಂಥ ಜೊತೆ ಇನ್ನೊಂದಿಲ್ಲ. ನೆನೆಸಿದ ಕಾಳು ಬೇಗ ಬೇಯುವುದರಿಂದ ಗ್ಯಾಸೂ ಉಳಿಯುತ್ತದೆ.

ಚಿತ್ರದುರ್ಗದ ಕಡೆಯ ಬಸ್ಸಾರನ್ನು ನಾನು ಇಷ್ಟು ಹೊಗಳುವುದು ಇದೇ ಕಾರಣಕ್ಕೆ. ಸೊಪ್ಪು, ಕಾಳು ಒಟ್ಟಿಗೆ ಬೇಯುತ್ತವೆ. ಬಸಿದ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಒಂದು ಒಲೆಯಲ್ಲಿ ಎರಡು ಅಡುಗೆ, ಸೊಪ್ಪಿನ ಸತ್ವ ಚರಂಡಿಗೆ ಹೋಗುವುದಿಲ್ಲ. ಒಂದೇ ಜಾತಿಯ ಸೊಪ್ಪು ಬೇಕೆಂದೇನೂ ಇಲ್ಲ. ಹರಿವೆ, ಸಬ್ಬಸಿಗೆ, ನುಗ್ಗೆಸೊಪ್ಪು ಸಿಕ್ಕಷ್ಟು ಬೆರೆಸಿ. ಹಿತ್ತಿಲಲ್ಲಿ ನುಗ್ಗೆಮರ ಇದ್ದೂ ಸೊಪ್ಪನ್ನು ದುಡ್ಡು ಕೊಟ್ಟು ತರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸೊಪ್ಪು ಬೆಂದ ಮೇಲೆ ನಿಂಬೆರಸ ಹಿಂಡಿ, ಅದರಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಕಬ್ಬಿಣಾಂಶ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ತರಕಾರಿ ಹನ್ನೊಂದು ಕಿಲೋ ಎಂದಾಗ ಅಷ್ಟು ಇಟ್ಟುಕೊಳ್ಳುವುದು ಹೇಗೆ, ಕೊಳೆತು ಹೋಗುವುದಿಲ್ಲವೇ ಎಂದು ಕೇಳುತ್ತೀರಿ. ಕೊಳೆಯುವುದು ತಂದ ಕ್ರಮದಿಂದಲ್ಲ, ಬಳಸುವ ಕ್ರಮದಿಂದ. ಸಂತೆಯಾದ ಮೊದಲೆರಡು ದಿನ ಸೊಪ್ಪು, ಆಮೇಲೆ ಬೆಂಡೆ, ಬೀನ್ಸ್, ಬದನೆ, ಸೌತೆ, ವಾರದ ಕೊನೆಗೆ ಕೋಸು, ಗಜ್ಜರಿ, ಬೀಟ್ರೂಟ್, ಕುಂಬಳಕಾಯಿ. ಈ ಸಾಲು ತಪ್ಪಬಾರದು. ಸೊಪ್ಪನ್ನು ತೊಳೆದು ಇಡಬೇಡಿ. ಬೇರು ಕತ್ತರಿಸಿ, ಹಳದಿ ಎಲೆ ತೆಗೆದು, ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟು, ಅಡುಗೆಗೆ ಮುಂಚೆ ತೊಳೆದು ಹೆಚ್ಚಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿದ್ದರೆ ಎರಡೂ ಬೇಗ ಕೆಡುತ್ತವೆ. ಸಂಜೆ ಹೊತ್ತು ಹೋದರೆ ಮಾರುಕಟ್ಟೆಯಲ್ಲಿ ಬೆಲೆ ಇಳಿದಿರುತ್ತದೆ ನಿಜ, ಗಟ್ಟಿ ತರಕಾರಿಗೆ ಆ ಹೊತ್ತು ಒಳ್ಳೆಯದು. ಸೊಪ್ಪನ್ನು ಮಾತ್ರ ಬೆಳಿಗ್ಗೆಯೇ ತನ್ನಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಸಾರೇ ಮಾಡಲಾಗುವುದಿಲ್ಲವೇನೋ ಎಂಬಂತೆ ಜನ ಗೋಳಾಡಿದರು. ಹುಣಸೆಹಣ್ಣು ಇರುವ ಮನೆಯಲ್ಲಿ ಸಾರು ನಿಲ್ಲುವುದಿಲ್ಲ. ಬೆಲೆ ಏರಿದ್ದನ್ನು ಆ ವಾರ ಬಿಟ್ಟು, ಇಳಿದದ್ದನ್ನು ತರಬೇಕು. ಮಾಗಿಯಲ್ಲಿ ಅವರೆಕಾಯಿ, ಬೇಸಿಗೆಯಲ್ಲಿ ಮಾವು, ಹೊಸ ಈರುಳ್ಳಿ ಬಂದಾಗ ಈರುಳ್ಳಿ. ಪಕ್ಕದ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರಿನ ಹೊಲಗಳಲ್ಲೇ ಬೆಳೆಯುವುದನ್ನು ದುಬಾರಿ ಕಾಲದಲ್ಲಿ ಹಟ ಹಿಡಿದು ಕೊಳ್ಳುವುದು ಬೇಡ.

ಧಾನ್ಯದ ವಿಷಯಕ್ಕೆ ಬಂದರೆ, ಭದ್ರಾ ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತದ ಗದ್ದೆಗಳು ಹೆಚ್ಚಿ, ತಟ್ಟೆಯಲ್ಲೂ ಅನ್ನವೇ ಹೆಚ್ಚಾಯಿತು. ಅನ್ನ ಬೇಡ ಎನ್ನುವವಳಲ್ಲ ನಾನು. ದಿನದ ಒಂದು ಹೊತ್ತು ಜೋಳದ ರೊಟ್ಟಿ ಅಥವಾ ರಾಗಿಮುದ್ದೆ ಇರಲಿ ಎನ್ನುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಾಲು ಕೊಳ್ಳಲು ಕಷ್ಟವಾಗುವ ಮನೆಗೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ? ಜೋಳವನ್ನು ಹತ್ತು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸಿ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ, ಆಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವವರೇ ಇಲ್ಲವಾಗುತ್ತಾರೆ. ನವಣೆ ಅಂಗಡಿಯಲ್ಲಿ ಚಂದದ ಪ್ಯಾಕೆಟ್ಟಿನಲ್ಲಿ ದುಬಾರಿ, ಬೆಳೆದವರ ಹತ್ತಿರ ಸಿಕ್ಕರೆ ತನ್ನಿ, ಇಲ್ಲವಾದರೆ ಜೋಳ-ರಾಗಿಯೇ ಸಾಕು.

ರೇಷನ್ ಅಕ್ಕಿಯ ಬಗ್ಗೆ ಒಂದು ಮಾತು. ತೊಳೆಯುವಾಗ ಕೆಲವು ಕಾಳು ತೇಲಿದರೆ, ಬಣ್ಣ ಬೇರೆ ಕಂಡರೆ, ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವವರಿದ್ದಾರೆ. ಅವು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದಲೇ ಮಾಡಿ, ನೂರು ಕಾಳಿಗೆ ಒಂದರಂತೆ ಬೆರೆಸಿದ ಕಾಳುಗಳು. ಎಸೆಯಬೇಡಿ. ಅನ್ನಕ್ಕೆ ರುಚಿಸದಿದ್ದರೆ ದೋಸೆ-ಇಡ್ಲಿಗೆ ನೆನೆಸಿ.

ಎಣ್ಣೆ ಚಳ್ಳಕೆರೆಯ ಗಿರಣಿಯದಾಗಲಿ, ಪ್ಯಾಕೆಟ್ಟಿನದಾಗಲಿ, ಅಳತೆ ಮುಖ್ಯ. ನಾಲ್ಕು ಜನಕ್ಕೆ ತಿಂಗಳಿಗೆ ಮೂರೂಕಾಲು ಕಿಲೋ ಸಾಕು. ಐದು ಕಿಲೋ ಡಬ್ಬಿ ತಿಂಗಳೊಳಗೇ ಖಾಲಿಯಾಗುತ್ತಿದ್ದರೆ ಅದು ಜೇಬಿಗೂ ಭಾರ, ಎದೆಗೂ ಭಾರ. ವಾರದ ಎಣ್ಣೆಯನ್ನು ಬೇರೆ ಬಾಟಲಿಗೆ ಸುರಿದು ಇಟ್ಟುಕೊಳ್ಳಿ. ಒಗ್ಗರಣೆಗೆ ಬಾಟಲಿ ಬಗ್ಗಿಸುವ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಉಪ್ಪೂ ಹಾಗೆಯೇ, ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಮೀರಬಾರದು ಎಂದರೆ ಒಂದು ಚಹಾ ಚಮಚ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಯದ್ದೂ ಅದರೊಳಗೇ.

ಇನ್ನು ಸಂಜೆ ನಾಲ್ಕರ ಹಸಿವು. ಮಕ್ಕಳು ಶಾಲೆಯಿಂದ ಬಂದಾಗ ಮನೆಯಲ್ಲಿ ಏನೂ ಇಲ್ಲದಿದ್ದರೆ ಹತ್ತು ರೂಪಾಯಿಯ ಪ್ಯಾಕೆಟ್ ಬಂದೇ ಬರುತ್ತದೆ. ಅದರೊಳಗೆ ಇಪ್ಪತ್ತು ಚಿಲ್ಲರೆ ಗ್ರಾಂ ಇರುತ್ತದೆ, ಕಿಲೋಗೆ ಲೆಕ್ಕ ಹಾಕಿದರೆ ನಾನೂರು ರೂಪಾಯಿ ದಾಟುತ್ತದೆ. ಶೇಂಗಾ ಅದರ ಮೂರನೇ ಒಂದು ಪಾಲಿನ ಬೆಲೆಗೆ ಸಿಗುತ್ತದೆ. ನಮ್ಮದು ಮಂಡಕ್ಕಿ ಬಟ್ಟಿಗಳ ಊರು. ಮಂಡಕ್ಕಿಯೊಂದೇ ತಿಂದರೆ ಹೊಟ್ಟೆ ತುಂಬಿದಂತಾಗಿ ಬೇಗ ಹಸಿವಾಗುತ್ತದೆ, ಅದರಲ್ಲಿ ಪಿಷ್ಟ ಬಿಟ್ಟು ಹೆಚ್ಚೇನೂ ಇಲ್ಲ. ಒಗ್ಗರಣೆಯಲ್ಲಿ ಒಂದು ಹಿಡಿ ಶೇಂಗಾ, ಪುಟಾಣಿ ಪುಡಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಮೇಲೆ ನಿಂಬೆಹುಳಿ ಬಿದ್ದರೆ ಅದೇ ಒಳ್ಳೆಯ ತಿಂಡಿ. ಜೊತೆಗೆ ಮೆಣಸಿನಕಾಯಿ ಬಜ್ಜಿ ದಿನಾ ಬೇಡ. ಬೆಣ್ಣೆ ದೋಸೆಯನ್ನು ಬಿಡಿ ಎಂದು ದಾವಣಗೆರೆಯವರಿಗೆ ನಾನು ಹೇಳಲಾರೆ, ಹೇಳಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಕೂಡಿ ಹೋಗಿ ತೃಪ್ತಿಯಾಗಿ ತಿಂದು ಬನ್ನಿ, ಅದನ್ನೂ ಆ ವಾರದ ಲೆಕ್ಕದಲ್ಲಿ ಬರೆಯಿರಿ. ಸರ್ಕಾರಿ ಶಾಲೆಗೆ ಹೋಗುವ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟದ ಜೊತೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಸಿಗುತ್ತದೆ. ತಿಂದು ಬಂತೇ ಎಂದು ಮಗುವನ್ನು ಕೇಳಿ. ಬಿಟ್ಟು ಬಂದಿದ್ದರೆ ಯಾಕೆ ಎಂದು ವಿಚಾರಿಸಿ.

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಖರ್ಚು ಕಡಿಮೆ ಮಾಡಬೇಕೆಂದಾಗ ನಮ್ಮ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಹೆಂಗಸಿನ ತಟ್ಟೆ. ಗಂಡನಿಗೆ ಮೊಟ್ಟೆ, ಮಕ್ಕಳಿಗೆ ಹಾಲು, ಅತ್ತೆ-ಮಾವನಿಗೆ ಹಣ್ಣು ಕೊಟ್ಟು, ಅವಳು ಸಾರಿನ ತಳದ ನೀರಿಗೆ ಅನ್ನ ಕಲಸಿಕೊಂಡು ಏಳುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇದನ್ನು ಉಳಿತಾಯ ಎಂದು ಯಾರೂ ಕರೆಯಬೇಡಿ. ಅಡುಗೆ ಇಳಿಸಿದ ಕೂಡಲೇ, ಯಾರಿಗೂ ಬಡಿಸುವ ಮುಂಚೆ, ಮನೆಯಲ್ಲಿ ಎಷ್ಟು ಜನರೋ ಅಷ್ಟು ಬಟ್ಟಲುಗಳಿಗೆ ಕಾಳುಪಲ್ಯ ಪಾಲು ಮಾಡಿ ಇಡಿ. ಅಡುಗೆ ಮಾಡಿದವಳ ಬಟ್ಟಲೂ ಅದರಲ್ಲಿರಲಿ, ಮೊಟ್ಟೆ ಬೇಯಿಸಿದ ದಿನ ಅವಳದೂ ಒಂದು ಬೇಯಲಿ. ಒಂದು ಮೊಟ್ಟೆಗೆ ಏಳು ರೂಪಾಯಿ ಎಂದರೂ ವಾರಕ್ಕೆ ನಾಲ್ಕು ತಿಂದರೆ ಇಪ್ಪತ್ತೆಂಟು ರೂಪಾಯಿ. ಮೂರು ಕುರುಕಲು ಪ್ಯಾಕೆಟ್ ಬಿಟ್ಟರೆ ಆ ದುಡ್ಡು ಮನೆಯಲ್ಲೇ ಇದೆ.