401ಕೆಗೆ ಎಷ್ಟು, ಹೊರಗಿನ ಫಂಡಿಗೆ ಎಷ್ಟು: ನಾನು ಲೆಕ್ಕ ಹಾಕಿದ ರೀತಿ

ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. "ಹೇಗೂ ಒಂದು ದಿನ ವಾಪಸ್ ಹೋಗೋರು ನಾವು. 401ಕೆಯಲ್ಲಿ ದುಡ್ಡು ಯಾಕೆ ಸಿಕ್ಕಿಸಿಕೊಳ್ಳಬೇಕು? 59½ ವರ್ಷಕ್ಕೆ ಮುಂಚೆ ಮುಟ್ಟಿದ್ರೆ ಹತ್ತು ಪರ್ಸೆಂಟ್ ದಂಡ ಬೇರೆ. ಸುಮ್ನೆ ಬ್ರೋಕರೇಜ್ ಖಾತೆ ತೆಗೆದು ಇಂಡೆಕ್ಸ್ ಫಂಡ್ ತಗೊಂಡ್ರೆ ಆಯ್ತಪ್ಪ." 401ಕೆ ಅಂದರೆ ಕಂಪನಿಯ ಮೂಲಕ ಸಂಬಳದಿಂದ ತೆರಿಗೆಗೆ ಮುಂಚೆಯೇ ದುಡ್ಡು ಹಾಕುವ ಅಲ್ಲಿನ ನಿವೃತ್ತಿ ಖಾತೆ, ತೆರಿಗೆ ಕಟ್ಟುವುದು ತೆಗೆಯುವಾಗ. ಬ್ರೋಕರೇಜ್ ಅಂದರೆ ನಾವೇ ತೆರೆಯುವ ಸಾಮಾನ್ಯ ಹೂಡಿಕೆ ಖಾತೆ, ಇಂಡೆಕ್ಸ್ ಫಂಡ್ ಅಂದರೆ ಶೇರು ಸೂಚ್ಯಂಕವನ್ನು ಹಾಗೇ ಹಿಂಬಾಲಿಸುವ ಫಂಡ್. ಆ ಮಾತು ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಯಾರೂ ಅಂಕಿ ಇಟ್ಟು ತೋರಿಸುತ್ತಿರಲಿಲ್ಲ. ನಾನೇ ಒಂದು ಸ್ಪ್ರೆಡ್‌ಶೀಟ್ ತೆರೆದು ಕೂತೆ.

ಮೊದಲು ಕಂಪನಿ ಕೊಡುವ ಪಾಲು, ಅಂದರೆ ಮ್ಯಾಚ್. ನಮ್ಮಲ್ಲಿ ಸಂಬಳದ ಆರು ಪರ್ಸೆಂಟ್ ತನಕ ನಾವು ಹಾಕಿದ್ದಕ್ಕೆ ಅರ್ಧದಷ್ಟು ಅವರೂ ಹಾಕುತ್ತಾರೆ. ನೂರಕ್ಕೆ ಐವತ್ತು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಅಷ್ಟು ಮಾತ್ರ ಕಣ್ಣು ಮುಚ್ಚಿ ಹಾಕಿದೆ. ಒಂದೇ ವಿಷಯ ಕೇಳಿಕೊಂಡೆ: ವೆಸ್ಟಿಂಗ್, ಅಂದರೆ ಕಂಪನಿಯ ಪಾಲು ನಮ್ಮದಾಗುವುದು ಯಾವಾಗ ಅಂತ. ನಾವು ಹಾಕಿದ ದುಡ್ಡು ಯಾವತ್ತೂ ನಮ್ಮದೇ. ಕಂಪನಿ ಹಾಕಿದ್ದು ಪೂರ್ತಿ ನಮ್ಮದಾಗಲು ಕೆಲವು ಕಡೆ ಮೂರು ವರ್ಷ ಕಾಯಬೇಕು, ಕೆಲವು ಕಡೆ ಸ್ವಲ್ಪ ಸ್ವಲ್ಪವಾಗಿ ಆರು ವರ್ಷದ ತನಕ ಎಳೆಯುತ್ತದೆ. ಕೆಲಸ ಬದಲಿಸುವ ಮನಸ್ಸಿದ್ದರೆ ಆ ತಾರೀಖು ಗೊತ್ತಿರಬೇಕು.

ನಿಜವಾದ ಪ್ರಶ್ನೆ ಬರುವುದು ಮ್ಯಾಚ್ ಮುಗಿದ ಮೇಲೆ. ಮಿಕ್ಕ ದುಡ್ಡು ಎಲ್ಲಿಗೆ?

ನೂರು ಡಾಲರ್ ಸಂಬಳ ತೆಗೆದುಕೊಳ್ಳಿ. ನನ್ನದು 22 ಪರ್ಸೆಂಟ್ ಸ್ಲ್ಯಾಬ್. 401ಕೆಗೆ ಹಾಕಿದರೆ ನೂರಕ್ಕೆ ನೂರೂ ಒಳಗೆ ಹೋಗುತ್ತದೆ. ಹೊರಗಿನ ಫಂಡಿಗಾದರೆ ಮೊದಲು ತೆರಿಗೆ ಕಳೆದು 78 ಉಳಿಯುತ್ತದೆ. ಎರಡರಲ್ಲೂ ಒಂದೇ ಇಂಡೆಕ್ಸ್ ಫಂಡ್ ಇದೆ, ದುಡ್ಡು ಮೂರು ಪಟ್ಟಾಯಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ ಏಳು ಪರ್ಸೆಂಟ್ ಬೆಳೆದರೆ ಅದು ಸುಮಾರು ಹದಿನಾರು ವರ್ಷದ ಮಾತು. ಹೊರಗಿನ 78 ಈಗ 234. ಅದರಲ್ಲಿ ಲಾಭ 156, ಅದಕ್ಕೆ ದೀರ್ಘಾವಧಿ ಲಾಭದ ತೆರಿಗೆ 15 ಪರ್ಸೆಂಟ್. ಕೈಗೆ ಬರುವುದು ಹತ್ತಿರ ಹತ್ತಿರ 211. ಈ ಕಡೆ 401ಕೆಯ ನೂರು 300 ಆಗಿದೆ. ಅದೇ 22ರ ಸ್ಲ್ಯಾಬ್‌ನಲ್ಲಿ ತೆಗೆದರೂ 234 ಸಿಗುತ್ತದೆ. ನಿವೃತ್ತಿ ಹೊತ್ತಿಗೆ ಆದಾಯ ಇಳಿದು 12 ಪರ್ಸೆಂಟಿಗೆ ಬಂದಿದ್ದರೆ 264.

ಇನ್ನು ಎಲ್ಲರೂ ಹೆದರುವ ದಂಡ. 59½ಕ್ಕೆ ಮುಂಚೆಯೇ, ಯಾವ ವಿನಾಯಿತಿಯೂ ಇಲ್ಲದೆ ತೆಗೆದೆ ಅಂತಿಟ್ಟುಕೊಳ್ಳಿ. 22 ಪರ್ಸೆಂಟ್ ತೆರಿಗೆ, 10 ಪರ್ಸೆಂಟ್ ದಂಡ, ಒಟ್ಟು 32 ಪರ್ಸೆಂಟ್ ಹೋಗಿ 300ರಲ್ಲಿ 204 ಉಳಿಯಿತು. ಹೊರಗಿನ ಫಂಡಿಗಿಂತ ಏಳೇ ಡಾಲರ್ ಕಡಿಮೆ! ಹೊರಗಿನ ಫಂಡಿನ ಡಿವಿಡೆಂಡಿಗೆ ವರ್ಷವರ್ಷವೂ ತೆರಿಗೆ ಕಟ್ಟಿರುತ್ತೀವಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದರೆ ಆ ಏಳು ಡಾಲರೂ ಬಹುಪಾಲು ಕರಗುತ್ತದೆ. ಇದನ್ನು ನೋಡಿದ ಮೇಲೆ ದಂಡದ ಭಯ ಹೋಯಿತು. ಅಷ್ಟೇ ಅಲ್ಲ, 55 ತುಂಬುವ ವರ್ಷ ಅಥವಾ ಆಮೇಲೆ ಕೆಲಸ ಬಿಟ್ಟರೆ ಆ ಕಂಪನಿಯ 401ಕೆಯಿಂದ ದಂಡ ಇಲ್ಲದೆ ತೆಗೆಯಬಹುದು.

ಆದರೆ ಕಾಲ ಕಡಿಮೆಯಾದರೆ ಲೆಕ್ಕ ತಿರುಗುತ್ತದೆ. ಐದು ವರ್ಷದಲ್ಲಿ ನೂರು 140 ಆಯಿತು ಅನ್ನಿ. ದಂಡ ಕಟ್ಟಿ ತೆಗೆದರೆ 95, ಹೊರಗಿನ ಫಂಡಿನಲ್ಲಾದರೆ ಸುಮಾರು 105. ಹಾಗಾಗಿ ಮನೆಯ ಡೌನ್ ಪೇಮೆಂಟ್ ಥರದ, ಹತ್ತು ವರ್ಷದೊಳಗೆ ಬೇಕಾಗುವ ದುಡ್ಡನ್ನು ನಾನು 401ಕೆಗೆ ಹಾಕಲಿಲ್ಲ. "401ಕೆಯಿಂದ ಸಾಲ ತಗೋಬಹುದಲ್ವಾ" ಅಂತ ಕೆಲವರು ಹೇಳುತ್ತಾರೆ. ತಗೋಬಹುದು, ಸಾಮಾನ್ಯವಾಗಿ ನಮ್ಮ ಪಾಲಿನ ಅರ್ಧದಷ್ಟು, 50,000 ಡಾಲರ್ ಮೀರದಂತೆ. ಆದರೆ ಕೆಲಸ ಹೋದರೆ ಸಾಲ ತೀರಿಸುವ ಗಡುವು ತಲೆ ಮೇಲೆ ಬಂದು ಕೂರುತ್ತದೆ. ವೀಸಾ ಮೇಲಿರುವವನಿಗೆ ಅದೊಂದು ತಲೆನೋವು ಬೇಡ ಅನ್ನಿಸಿತು.

ಈ ಲೆಕ್ಕವೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ: 401ಕೆ ಒಳಗೂ ಒಳ್ಳೆಯ ಫಂಡ್ ಇರಬೇಕು. ಹೊರಗೆ ನಾವು ಬೇಕಾದ್ದು ಆರಿಸಬಹುದು, ಇಲ್ಲಿ ಕಂಪನಿ ಕೊಟ್ಟ ಪಟ್ಟಿಯೇ ಗತಿ. ವರ್ಷಕ್ಕೆ ಏಳು ಪರ್ಸೆಂಟ್ ಬೆಳೆಯಬೇಕಾದ ದುಡ್ಡಿನಲ್ಲಿ ಒಂದು ಪರ್ಸೆಂಟ್ ಫೀಸಿಗೆ ಹೋದರೆ ಮೂವತ್ತು ವರ್ಷದಲ್ಲಿ ಕೊನೆಯ ಮೊತ್ತದ ಸುಮಾರು ಕಾಲು ಭಾಗ ಕಾಣೆಯಾಗುತ್ತದೆ. ನಮ್ಮ ಪ್ಲಾನಿನ ಪಟ್ಟಿಯಲ್ಲಿ ಹೆಚ್ಚಿನವು ದುಬಾರಿ. ಕೆಳಗೆಲ್ಲೋ ಎಸ್ ಆಂಡ್ ಪಿ 500 (ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕ) ಇಂಡೆಕ್ಸ್ ಫಂಡ್ ಒಂದಿತ್ತು, ಖರ್ಚು ಅತಿ ಕಡಿಮೆ. ಶೇರಿನ ಪಾಲಿಗೆ ಅದೊಂದನ್ನೇ ಹಿಡಿದೆ. ಪಟ್ಟಿಯಲ್ಲಿ ಅಂಥದ್ದು ಒಂದೂ ಇಲ್ಲದಿದ್ದರೆ, ಮತ್ತು ಆ ಕಂಪನಿಯಲ್ಲಿ ಬಹಳ ವರ್ಷ ಇರುವ ಯೋಚನೆಯಿದ್ದರೆ, ನಾನು ಮ್ಯಾಚ್‌ಗೇ ನಿಲ್ಲಿಸುತ್ತಿದ್ದೆ. ಒಂದೆರಡು ವರ್ಷದಲ್ಲಿ ಬಿಡುವವರಿಗೆ ಅಷ್ಟು ಚಿಂತೆ ಇಲ್ಲ, ಕೆಲಸ ಬಿಟ್ಟ ಮೇಲೆ ಐಆರ್‌ಎಗೆ (ನಾವೇ ತೆರೆಯುವ ನಿವೃತ್ತಿ ಖಾತೆ) ವರ್ಗಾಯಿಸಿಕೊಂಡು ಬೇಕಾದ ಫಂಡ್ ಕೊಳ್ಳಬಹುದು.

ಮ್ಯಾಚ್ ಆದ ಮೇಲೆ ನಾನು ಪೂರ್ತಿ ಮಿತಿಗೆ ಒಮ್ಮೆಲೇ ಹಾರಲಿಲ್ಲ. ವರ್ಷಕ್ಕೆ ನಾವು ಹಾಕಬಹುದಾದ ಆ ಮಿತಿ 2025ರಲ್ಲಿ 23,500 ಡಾಲರ್ ಇತ್ತು, 2026ಕ್ಕೆ 24,500 ಆಗಿದೆ. ಸಂಬಳ ಏರಿದಾಗಲೆಲ್ಲ ಏರಿದ್ದರ ಅರ್ಧವನ್ನು 401ಕೆಗೆ ತಿರುಗಿಸಿದೆ, ಇನ್ನರ್ಧ ಹೊರಗೆ. ಕೈಗೆ ಬರುವ ಸಂಬಳ ಯಾವತ್ತೂ ಇಳಿಯಲಿಲ್ಲ, ಹಾಗಾಗಿ ಮನೆಯಲ್ಲಿ ಚರ್ಚೆಯೂ ಆಗಲಿಲ್ಲ. ಮಿತಿ ಮುಟ್ಟುವವರು ಒಂದು ಕಡೆ ಹುಷಾರಾಗಿರಬೇಕು. ವರ್ಷದ ಮೊದಲ ತಿಂಗಳುಗಳಲ್ಲೇ ಪೂರ್ತಿ ತುಂಬಿಬಿಟ್ಟರೆ ಕೆಲವು ಕಂಪನಿಗಳಲ್ಲಿ ಉಳಿದ ತಿಂಗಳ ಮ್ಯಾಚ್ ಕೈತಪ್ಪುತ್ತದೆ, ಯಾಕೆಂದರೆ ಅವರು ಒಂದೊಂದು ಸಂಬಳಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ವರ್ಷದ ಕೊನೆಗೆ ಅದನ್ನು ಸರಿದೂಗಿಸುವ 'ಟ್ರೂ ಅಪ್' ಇದೆಯಾ ಅಂತ ಎಚ್ಆರ್‌ಗೆ ಒಂದು ಮೇಲ್ ಹಾಕಿ ಕೇಳಿ. ನಮ್ಮಲ್ಲಿ ಇರಲಿಲ್ಲ, ಹಾಗಾಗಿ ವರ್ಷಪೂರ್ತಿ ಸಮವಾಗಿ ಹಂಚಿದೆ.

ಯಾವುದನ್ನು ಎಲ್ಲಿ ಇಡಬೇಕು ಅನ್ನುವುದೂ ಮುಖ್ಯ. ಬಾಂಡ್ ಬಡ್ಡಿಗೆ ಸಾಮಾನ್ಯವಾಗಿ ಸಂಬಳದಂತೆಯೇ ಪೂರ್ತಿ ತೆರಿಗೆ, ಹಾಗಾಗಿ ಬಾಂಡ್ ಫಂಡ್ 401ಕೆ ಒಳಗೆ. ಹೊರಗೆ ಬರೀ ಇಂಡೆಕ್ಸ್ ಇಟಿಎಫ್ (ಶೇರಿನಂತೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಇಂಡೆಕ್ಸ್ ಫಂಡ್), ಒಂದು ವರ್ಷ ದಾಟುವ ತನಕ ಮಾರುವುದಿಲ್ಲ. ಟಾರ್ಗೆಟ್ ಡೇಟ್ ಫಂಡನ್ನು (ನಿವೃತ್ತಿ ವರ್ಷ ಹತ್ತಿರವಾದಂತೆ ತಾನೇ ಶೇರು ಇಳಿಸಿ ಬಾಂಡ್ ಏರಿಸುವ ಫಂಡ್) ಮಾತ್ರ ಹೊರಗಿನ ಖಾತೆಗೆ ತರಬೇಡಿ. 2021ರ ಕೊನೆಗೆ ವ್ಯಾನ್‌ಗಾರ್ಡ್ ಅನ್ನುವ ಫಂಡ್ ಕಂಪನಿಯ ಟಾರ್ಗೆಟ್ ರಿಟೈರ್‌ಮೆಂಟ್ ಫಂಡುಗಳು ದೊಡ್ಡ ಮೊತ್ತದ ಲಾಭವನ್ನು ಹಂಚಿದವು. ತೆರಿಗೆ ಬೀಳುವ ಖಾತೆಯಲ್ಲಿ ಅದನ್ನು ಇಟ್ಟುಕೊಂಡವರು ಒಂದು ಯೂನಿಟ್ಟೂ ಮಾರದೆ ತೆರಿಗೆ ಕಟ್ಟಬೇಕಾಯಿತು. ಅದೇ ಫಂಡನ್ನು 401ಕೆಯಲ್ಲಿ ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ.

ಇನ್ನು ವಾಪಸ್ ಹೋಗುವ ಮಾತು. ಹೋದರೂ 401ಕೆ ಅಲ್ಲೇ ಇರಬಹುದು, ಹೊರಡುವ ಗಡಿಬಿಡಿಯಲ್ಲಿ ಒಡೆಯಬೇಕಾಗಿಲ್ಲ. ರಾಜ್ಯ ಬಿಟ್ಟು ಹೋದವರ ನಿವೃತ್ತಿ ಆದಾಯಕ್ಕೆ ಹಳೆಯ ರಾಜ್ಯ ತೆರಿಗೆ ಹಾಕುವ ಹಾಗಿಲ್ಲ ಅನ್ನುವ ಕಾನೂನು 1996ರಿಂದ ಇದೆ. ಕ್ಯಾಲಿಫೋರ್ನಿಯಾದಂಥ ಕಡೆ ದುಡಿದು ಹೊರಟವರಿಗೆ ಇದು ಸಣ್ಣ ಲಾಭವಲ್ಲ. ಭಾರತ ಕೂಡ 2021ರಲ್ಲಿ ನಿಯಮ ತಂದು, ಅಮೆರಿಕದ ಇಂಥ ಖಾತೆಯ ಬೆಳವಣಿಗೆಗೆ ವರ್ಷವರ್ಷವೂ ಅಲ್ಲ, ತೆಗೆದಾಗ ತೆರಿಗೆ ಕಟ್ಟುವ ಆಯ್ಕೆ ಕೊಟ್ಟಿದೆ. ಬ್ರೋಕರೇಜ್ ಖಾತೆಗೆ ಆ ಸೌಲಭ್ಯ ಇಲ್ಲ. ಅಲ್ಲಿನ ಡಿವಿಡೆಂಡು, ಮಾರಿದ ಲಾಭ, ಎಲ್ಲವೂ ಭಾರತದಲ್ಲಿ ಪೂರ್ತಿ ರೆಸಿಡೆಂಟ್ ಆದ ಮೇಲೆ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಹಾಗಾಗಿ ಹೊರಡುವುದು ಪಕ್ಕಾ ಆದರೆ ನಾನು ಮೊದಲು ಮಾರುವುದು ಹೊರಗಿನ ಫಂಡನ್ನು, ಅದೂ ಅಲ್ಲಿ ಪೂರ್ತಿ ರೆಸಿಡೆಂಟ್ ಆಗುವ ಮುಂಚೆ. 401ಕೆಯನ್ನು ಮುಟ್ಟುವುದಿಲ್ಲ.