ಕೂತು ಕೂತು ಬಂದ ಸುಸ್ತಿಗೆ ಓಡಾಟವೇ ಮದ್ದು: ಕಾಲೇಜು ವಿದ್ಯಾರ್ಥಿಗಳು ವ್ಯಾಯಾಮ ಶುರು ಮಾಡುವುದು ಹೇಗೆ?

ವ್ಯಾಯಾಮ ಮಾಡ್ತೀರಾ ಅಂತ ಕಾಲೇಜು ಹುಡುಗ ಹುಡುಗಿಯರನ್ನು ಕೇಳಿದರೆ ಹೆಚ್ಚಾಗಿ ಎರಡು ಉತ್ತರ ಸಿಗುತ್ತವೆ. ಒಂದು, ಟೈಮಿಲ್ಲ. ಇನ್ನೊಂದು, ತುಂಬಾ ಸುಸ್ತು. ಬೆಳಿಗ್ಗೆ ಬಸ್ಸಿಗೆ ಓಟ, ಹಗಲೆಲ್ಲ ಕ್ಲಾಸು, ಸಂಜೆ ಲ್ಯಾಬ್ ರೆಕಾರ್ಡು, ರಾತ್ರಿ ಅಸೈನ್‌ಮೆಂಟು. ಅವರು ಹೇಳುವುದು ಸುಳ್ಳಲ್ಲ. ಆದರೆ ಹೊಲದಲ್ಲಿ ದುಡಿದು ಬಂದ ಸುಸ್ತು ಬೇರೆ, ಬೆಂಚಿನ ಮೇಲೆ ಕೂತು ಕೂತು ಬಂದ ಸುಸ್ತು ಬೇರೆ. ಮೊದಲನೆಯದಕ್ಕೆ ವಿಶ್ರಾಂತಿ ಬೇಕು. ಎರಡನೆಯದಕ್ಕೆ ಎದ್ದು ಓಡಾಡಬೇಕು.

2008ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ ನೋಡಿದರು. ವ್ಯಾಯಾಮದ ಅಭ್ಯಾಸವೇ ಇಲ್ಲದ, ಸದಾ ಸುಸ್ತು ಎನ್ನುತ್ತಿದ್ದ 36 ಯುವಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ 3 ದಿನ, ದಿನಕ್ಕೆ 20 ನಿಮಿಷ ಸ್ವಲ್ಪ ಬಿರುಸಾಗಿ ವ್ಯಾಯಾಮದ ಸೈಕಲ್ ತುಳಿಯಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ನಿಧಾನವಾಗಿ ತುಳಿಯಿತು. ಮೂರನೆಯದು ಸುಮ್ನೆ ಇತ್ತು. 6 ವಾರ ಕಳೆದ ಮೇಲೆ ನೋಡಿದರೆ, ಸೈಕಲ್ ತುಳಿದ ಎರಡೂ ಗುಂಪಿನಲ್ಲಿ ಚೈತನ್ಯ ಶೇ 20ರಷ್ಟು ಹೆಚ್ಚಾಗಿತ್ತು. ಸುಸ್ತು ಬಿರುಸಾಗಿ ತುಳಿದವರಲ್ಲಿ ಶೇ 49ರಷ್ಟು ಇಳಿದಿದ್ದರೆ, ನಿಧಾನವಾಗಿ ತುಳಿದವರಲ್ಲಿ ಶೇ 65ರಷ್ಟು ಇಳಿದಿತ್ತು. ಸಣ್ಣ ಅಧ್ಯಯನ ನಿಜ. ಆದರೂ ಒಂದು ಮಾತು ಮನಸ್ಸಿಗೆ ನಾಟುತ್ತದೆ. ಸುಸ್ತಾದವರಿಗೆ ಹಗುರ ವ್ಯಾಯಾಮವೇ ಸಾಕಾಯಿತು. ಬೆವರಿಳಿಸಿ ಹೈರಾಣಾಗುವ ಅಗತ್ಯ ಬರಲಿಲ್ಲ.

ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸುಸ್ತು ಇಳಿದದ್ದಕ್ಕೂ ಅವರ ದಮ್ಮು ಎಷ್ಟು ಹೆಚ್ಚಿತು ಎನ್ನುವುದಕ್ಕೂ ನಂಟಿರಲಿಲ್ಲ. ಅಂದರೆ ಮೊದಲು ಫಿಟ್ ಆಗಬೇಕು, ಆಮೇಲೆ ಚುರುಕಾಗುತ್ತೇನೆ ಎಂದು ಕಾಯಬೇಕಿಲ್ಲ. ನಡೆಯಲು ಶುರು ಮಾಡಿದರೆ ಹೃದಯದ ಬಡಿತ ಏರುತ್ತದೆ, ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಕಣ್ಣೆಳೆಯುವುದು ನಿಲ್ಲುತ್ತದೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಸ್ನಾಯುಗಳ ಒಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳೇ ಹೆಚ್ಚುತ್ತವೆ. ಆಗ ಮೂರನೇ ಮಹಡಿಯ ಕ್ಲಾಸಿಗೆ ಹತ್ತಿದರೂ ಏದುಸಿರು ಬರುವುದಿಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಅರ್ಧ ಗಂಟೆ ನಡೆದ ಮಾತ್ರಕ್ಕೆ ಸಿಲೆಬಸ್ ತಾನಾಗಿ ತಲೆಗೆ ಹತ್ತುವುದಿಲ್ಲ. ವ್ಯಾಯಾಮ ಗಮನವನ್ನು ಸ್ವಲ್ಪ ಹೆಚ್ಚಿಸುತ್ತದೆ, ನಿದ್ದೆಯನ್ನು ಸುಧಾರಿಸುತ್ತದೆ, ಆತಂಕವನ್ನು ಇಳಿಸುತ್ತದೆ. ಓದುವ ಕೆಲಸ ನಿಮ್ಮದೇ.

ಹಂತ 1: ಇದು ಯಾವ ಸುಸ್ತು, ನೋಡಿಕೊಳ್ಳಿ

ಶೂ ಹುಡುಕುವ ಮೊದಲು ಈ ಕೆಲಸ ಮಾಡಿ. ರಾತ್ರಿ ಎರಡರವರೆಗೆ ಮೊಬೈಲ್ ನೋಡಿ ಏಳಕ್ಕೆ ಏಳುವವರ ಸುಸ್ತು ನಿದ್ದೆಯ ಕೊರತೆಯಿಂದ ಬಂದದ್ದು. ಈ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಅದರಲ್ಲಿ ಕಡಿತ ಮಾಡಿ ಐದಕ್ಕೆ ಎದ್ದು ಓಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಸಂಜೆಯ ಕಾಫಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುತ್ತದೆ.

ಇನ್ನು ರಕ್ತಹೀನತೆ. ಇದನ್ನು ಒತ್ತಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಕ್ಲಾಸಿನಲ್ಲಿ ಕೂತ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇರಬಹುದು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ತಲೆ ಸುತ್ತುವುದು, ಮುಟ್ಟಿನ ದಿನಗಳಲ್ಲಿ ಏಳಲಿಕ್ಕೇ ಆಗದಿರುವುದು ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಹುಡುಗಿಯರಲ್ಲಿ 12 ಗ್ರಾಂಗಿಂತ, ಹುಡುಗರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ಡಾಕ್ಟರನ್ನು ನೋಡಲೇಬೇಕು. ಅವರು ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆ ನುಂಗಬೇಡಿ. ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಇಂಥವರಿಗೆ "ಸೋಮಾರಿ, ಎದ್ದು ಓಡು" ಎನ್ನುವುದು ಅನ್ಯಾಯ.

ಅಸ್ತಮಾ, ಹೃದಯದ ತೊಂದರೆ ಇರುವವರು, ಆಡುವಾಗ ಎದೆನೋವು ಬಂದವರು ಅಥವಾ ತಲೆ ತಿರುಗಿ ಬಿದ್ದವರು ಕೂಡ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಹಂತ 2: ಓದಲು ಕೂರುವ ಮುಂಚಿನ ಹೊತ್ತು ಹಿಡಿಯಿರಿ

ವ್ಯಾಯಾಮಕ್ಕೆ ಬೆಳಗಿನ ಜಾವವೇ ಆಗಬೇಕೆಂದಿಲ್ಲ. ಬೆಳಗಿನ ಬಿಸಿಲು ಮೈಗೆ ಬಿದ್ದರೆ ರಾತ್ರಿ ಬೇಗ ನಿದ್ದೆ ಬರುತ್ತದೆ ಎನ್ನುವುದು ನಿಜ. ಆದರೆ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಬೇರೆ. ನೀವು ದಿನಾ ಓದಲು ಕೂರುವ ಹೊತ್ತು ಯಾವುದೋ, ಅದಕ್ಕಿಂತ ಮುಂಚಿನ ಅರ್ಧ ಗಂಟೆ ವ್ಯಾಯಾಮಕ್ಕೆ ಇರಲಿ. ನಡೆದು ಬಂದ ಮೇಲೆ ಸ್ವಲ್ಪ ಹೊತ್ತು ತಲೆ ಚುರುಕಾಗಿರುತ್ತದೆ. ಆ ಹೊತ್ತನ್ನು ಪುಸ್ತಕಕ್ಕೆ ಕೊಡಿ. ಕೈಕಾಲು ತೊಳೆದು ಮೊಬೈಲ್ ಹಿಡಿದು ಕೂತರೆ ಗಳಿಸಿದ್ದು ಅಲ್ಲೇ ಹೋಯಿತು, ಅಲ್ವಾ?

ಮಧ್ಯಾಹ್ನ ಊಟವಾದ ಮೇಲೆ 10 ನಿಮಿಷ ನಡೆಯುವುದೂ ಒಳ್ಳೆಯದು. ಅನ್ನ ಜಾಸ್ತಿ ಇರುವ ನಮ್ಮ ಊಟದ ನಂತರ ರಕ್ತದ ಸಕ್ಕರೆ ಏರುತ್ತದೆ. ಓಡಾಡಿದರೆ ಆ ಏರಿಕೆ ಕಡಿಮೆಯಾಗುತ್ತದೆ. ಎರಡೂವರೆಯ ಕ್ಲಾಸಿನಲ್ಲಿ ತೂಕಡಿಕೆಯೂ ಕಡಿಮೆ.

ಜಾಗದ ವಿಷಯಕ್ಕೆ ಬಂದರೆ ಕೆಲವರು ಪುಣ್ಯವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುವವರಿಗೆ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆಯ ದಂಡೆ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರಿನ ಜ್ಞಾನಭಾರತಿಯಲ್ಲಿ ಮರಗಳ ನೆರಳಿನಲ್ಲಿ ಎಷ್ಟು ಬೇಕಾದರೂ ನಡೆಯಬಹುದು. ಇಕ್ಕಟ್ಟಿನ ಪಿಜಿಯಲ್ಲಿ ಇರುವವರಿಗೆ ಆ ಭಾಗ್ಯವಿಲ್ಲ. ಬಸ್ಸಿನಿಂದ ಒಂದು ಸ್ಟಾಪ್ ಮುಂಚೆ ಇಳಿದು ನಡೆಯಿರಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಟೆರೇಸ್ ಇದ್ದರೆ ಅದೇ ಮೈದಾನ.

ಹುಡುಗಿಯರ ಹಾಸ್ಟೆಲ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕತ್ತಲಾಗುವ ಮುಂಚೆಯೇ ಗೇಟ್ ಹಾಕುವ ಹಾಸ್ಟೆಲ್‌ಗಳು ಇವತ್ತಿಗೂ ಇವೆ. ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಅವರ ದಿನ ಮುಗಿದಿರುತ್ತದೆ. ಮೈದಾನದಲ್ಲಿ ಹುಡುಗರ ಕ್ರಿಕೆಟ್ ನಡೆಯುತ್ತಿರುತ್ತದೆ. ಎಷ್ಟೋ ಹುಡುಗಿಯರು ಹೈಸ್ಕೂಲಿನಲ್ಲಿ ಥ್ರೋಬಾಲ್, ಕೊಕ್ಕೊ ಚೆನ್ನಾಗಿ ಆಡುತ್ತಿದ್ದವರು. ಕಾಲೇಜಿಗೆ ಬಂದ ಮೇಲೆ ಆಟ ನಿಂತೇ ಹೋಗುತ್ತದೆ. ನಾಲ್ಕೈದು ಮಂದಿ ಸೇರಿ ವಾರ್ಡನ್ ಹತ್ತಿರ ಹೋಗಿ. ಸಂಜೆ ಒಂದು ಗಂಟೆ ಕ್ಯಾಂಪಸ್ಸಿನೊಳಗೆ ನಡೆಯಲು ಬಿಡಿ, ಥ್ರೋಬಾಲ್ ನೆಟ್ ಹಾಕಿಸಿಕೊಡಿ ಎಂದು ಬರೆದುಕೊಡಿ. ದೈಹಿಕ ಶಿಕ್ಷಣದ ಮೇಷ್ಟ್ರನ್ನೂ ಜೊತೆಗೆ ಕರೆದುಕೊಳ್ಳಿ. ಇದು ಕೇಳಿ ಪಡೆಯಬೇಕಾದ ಸೌಲಭ್ಯ, ಯಾರ ದಯೆಯೂ ಅಲ್ಲ.

ಹಂತ 3: ಮೊದಲ ಎರಡು ವಾರ ಬರೀ ನಡಿಗೆ

ವಾರಕ್ಕೆ 3 ದಿನ, 20 ನಿಮಿಷ. ಅಷ್ಟೇ. ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಅದೇ ಮಧ್ಯಮ ವೇಗ. ತೀರಾ ಸುಸ್ತಾಗಿದ್ದ ದಿನ ಇನ್ನೂ ನಿಧಾನವಾಗಿ ನಡೆದರೂ ಅದು ಲೆಕ್ಕಕ್ಕೆ ಬರುತ್ತದೆ.

ಮೂರನೇ ವಾರದಿಂದ ಒಂದು ದಿನ ಸೇರಿಸಿ, ಐದು ನಿಮಿಷ ಹೆಚ್ಚಿಸಿ. 18 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ ಮಾಡಬೇಕು, ಇಲ್ಲವೇ 75 ನಿಮಿಷ ಬಿರುಸಿನ ವ್ಯಾಯಾಮ ಮಾಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಎರಡು ತಿಂಗಳಲ್ಲಿ ಅಲ್ಲಿಗೆ ತಲುಪಿದರೆ ಸಾಕು, ಅವಸರ ಬೇಡ. ನಡಿಗೆ ಬೇಜಾರಾದರೆ ಸೈಕಲ್, ಷಟಲ್, ಕಬಡ್ಡಿ, ಡ್ಯಾನ್ಸ್, ಯಾವುದಾದರೂ ಆದೀತು.

ಹಂತ 4: ವಾರದಲ್ಲಿ ಎರಡು ದಿನ ಬಸ್ಕಿ, ದಂಡ

ಅದೇ ಮಾರ್ಗಸೂಚಿ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ವಾರಕ್ಕೆ ಎರಡು ದಿನ ಇರಲಿ ಎನ್ನುತ್ತದೆ. ಜಿಮ್ ಫೀಸು ಕಟ್ಟಬೇಕಿಲ್ಲ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಬಸ್ಕಿ, ದಂಡ ಹೊಡೆದೇ ಮೈ ಕಟ್ಟಿದರು. ಎರಡು ಮಂಚದ ನಡುವಿನ ಜಾಗ ಸಾಕು. 10 ಬಸ್ಕಿ, 5 ದಂಡ. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು. ನೆಲದ ಮೇಲೆ ದಂಡ ಹೊಡೆಯಲು ಆಗದಿದ್ದರೆ ಗೋಡೆಗೆ ಕೈಯೂರಿ ಮಾಡಿ. ಸೂರ್ಯ ನಮಸ್ಕಾರ ಬರುವವರು ಅದನ್ನೇ ಮಾಡಬಹುದು.

ಮಾರನೆಯ ದಿನ, ಅದರಾಚೆಯ ದಿನ ತೊಡೆ ನೋಯುವುದು ಸಹಜ. ಎರಡು ಮೂರು ದಿನದಲ್ಲಿ ಹೋಗುತ್ತದೆ. ಗೆಳೆಯರ ಪಂಥಕ್ಕೆ ಬಿದ್ದು ಮೊದಲ ದಿನವೇ ನೂರಾರು ಬಸ್ಕಿ ಮಾತ್ರ ಹೊಡೆಯಬೇಡಿ. ಅಭ್ಯಾಸವಿಲ್ಲದ ಸ್ನಾಯುಗಳು ವಿಪರೀತ ದಣಿದರೆ ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಹಾಗೆ ಮಾಡಿದ ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಡಬ್ಬಿಯ ಪುಡಿಗಳು ಬೇಡ. ಜಿಮ್‌ಗೆ ಹೋಗುವ ಮುಂಚೆ ಕುಡಿಯುವ ಪುಡಿಗಳಲ್ಲಿ ಎಷ್ಟೋ ಸಲ ಇರುವುದು ಕೆಫೀನೇ. ಮೆಸ್ಸಿನ ಊಟದ ಜೊತೆ ಬೇಯಿಸಿದ ಮೊಟ್ಟೆ, ಕಡಲೆಕಾಳು ಉಸಲಿ, ಹುರಿಗಡಲೆ, ಶೇಂಗಾ, ಮೊಸರು, ಇವುಗಳಲ್ಲಿ ಸಿಕ್ಕಿದ್ದನ್ನು ಸೇರಿಸಿಕೊಳ್ಳಿ. ಹಸಿದಿದ್ದರೆ ನಡೆಯುವ ಮುಂಚೆ ಒಂದು ಬಾಳೆಹಣ್ಣು. ಬಂದ ಮೇಲೆ ನೀರು ಅಥವಾ ಮಜ್ಜಿಗೆ.

ಹಂತ 5: ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ

ರಾತ್ರಿ ಮಲಗುವ ಮುಂಚೆ ಮೂರು ಸಂಗತಿ ಬರೆಯಿರಿ. ಇವತ್ತು ಎಷ್ಟು ನಿಮಿಷ ನಡೆದೆ. ಹತ್ತು ಅಂಕಕ್ಕೆ ಎಷ್ಟು ಚುರುಕಾಗಿದ್ದೆ. ಮೊಬೈಲ್ ಮುಟ್ಟದೆ ಎಷ್ಟು ಹೊತ್ತು ಓದಿದೆ. 6 ವಾರದ ಮೇಲೆ ನಡೆದ ದಿನಗಳನ್ನೂ ನಡೆಯದ ದಿನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಂಜೆಗಿಂತ ಬೆಳಿಗ್ಗೆ ನಿಮಗೆ ಒಗ್ಗುತ್ತದೆಯೇ ಎನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಬಿರುಸಾಗಿ ಆಡಿದರೆ ಕೆಲವರಿಗೆ ನಿದ್ದೆ ಹತ್ತುವುದಿಲ್ಲ. ನಿಮಗೂ ಹಾಗಾದರೆ ಹೊತ್ತು ಬದಲಿಸಿ.

ಹಂತ 6: ಇಂಟರ್ನಲ್ಸ್ ಬಂದಾಗ ನಿಲ್ಲಿಸಬೇಡಿ, ಅರ್ಧ ಮಾಡಿ

ಹೆಚ್ಚಿನವರ ವ್ಯಾಯಾಮ ನಿಲ್ಲುವುದು ಇಲ್ಲೇ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ಕೂತು ಓದುವ ವಾರದಲ್ಲೇ ಇದು ಜಾಸ್ತಿ ಬೇಕಾಗುವುದು. 30 ನಿಮಿಷ ಇದ್ದದ್ದನ್ನು 15 ಮಾಡಿ. ಬಸ್ಕಿ, ದಂಡ ಬಿಟ್ಟರೂ ಪರವಾಗಿಲ್ಲ, ನಡಿಗೆ ಬಿಡಬೇಡಿ. ಮುಕ್ಕಾಲು ಗಂಟೆ ಓದಿದ ಮೇಲೆ ಎದ್ದು ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ, ಓದಿದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವುದು ಮತ್ತೆ ಮತ್ತೆ ಓದುವುದಕ್ಕಿಂತ ಚೆನ್ನಾಗಿ ತಲೆಯಲ್ಲಿ ಉಳಿಯುತ್ತದೆ.

ಒಂದೆರಡು ದಿನ ತಪ್ಪಿದರೆ ಗಾಬರಿ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಹೊಸ ಅಭ್ಯಾಸಗಳನ್ನು ಗಮನಿಸಿದಾಗ, ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ನಡುಮಟ್ಟದಲ್ಲಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕಾಗಿದ್ದರೆ, ಕೆಲವರಿಗೆ 254 ದಿನ ಬೇಕು ಎಂಬ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. 21 ದಿನದಲ್ಲಿ ಅಭ್ಯಾಸ ಕೂತುಬಿಡುತ್ತದೆ ಎಂದು ಯಾರಾದರೂ ಹೇಳಿದ್ದನ್ನು ನಂಬಿ, 22ನೇ ದಿನ ಬೇಸರ ಮಾಡಿಕೊಳ್ಳಬೇಡಿ.

ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋಗಿ ಎರಡು ಮೂರು ವಾರ ಪೂರ್ತಿ ಬಿಟ್ಟಿದ್ದರೆ, ವಾಪಸ್ ಬಂದು ಹಳೆಯ ಲೆಕ್ಕದಿಂದಲೇ ಶುರು ಮಾಡಬೇಡಿ. ಬಿಟ್ಟಾಗ ಎಷ್ಟಿತ್ತೋ ಅದರ ಅರ್ಧ ಹಿಡಿದು, ಎರಡು ವಾರದಲ್ಲಿ ಮೊದಲಿನ ಮಟ್ಟಕ್ಕೆ ತನ್ನಿ.