ಹೀಟರ್ ರಾಡ್‌ನ ವಾಟ್ ಲೆಕ್ಕ: ಮನೆಯಲ್ಲೇ ಅಳೆಯುವುದು ಹೇಗೆ?

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯವರು ಹೊಸ ಹೀಟರ್ ರಾಡ್ ಹಿಡಿದುಕೊಂಡು ಅಂಗಡಿಯವನ ಜೊತೆ ಜಗಳಕ್ಕೆ ಹೊರಟಿದ್ದರು. ರಾಡ್ ಮೇಲೆ 1500 ವಾಟ್ ಎಂದು ಅಚ್ಚಾಗಿದೆ. ಇವರು ಅಳೆದರೆ ಮೊದಲ ಸಲ ಸೊನ್ನೆ, ಎರಡನೇ ಸಲ 1400. ಬಕೆಟ್ ನೀರಂತೂ ಬೇಗ ಕಾಯುವುದಿಲ್ಲ. ಅಳೆದ ರೀತಿ ಎರಡು ಸಲವೂ ತಪ್ಪಾಗಿತ್ತು.

ಲೆಕ್ಕ ಹತ್ತನೇ ತರಗತಿಯದ್ದು. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಓಮ್‌ಗಳಲ್ಲಿ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ಸಾಮರ್ಥ್ಯ, ವಾಟ್‌ಗಳಲ್ಲಿ. ಜರ್ಮನಿಯ ಗೆಯಾರ್ಗ್ ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ್ದು 1827ರಲ್ಲಿ. ಭಾಗಾಕಾರ, ಗುಣಾಕಾರವನ್ನು ಮೊಬೈಲ್ ಮಾಡಿಕೊಡುತ್ತದೆ. ಎಡವಟ್ಟಾಗುವುದು ಅದಕ್ಕೆ ನಾವು ಕೊಡುವ ಎರಡು ಅಂಕಿಗಳಲ್ಲಿ. ಅಂದಹಾಗೆ, ‘ಕರೆಂಟ್ ಹೋಯ್ತು’ ಎನ್ನುವಾಗಿನ ಕರೆಂಟ್ ಬೇರೆ, ಈ ಲೆಕ್ಕದ ಕರೆಂಟ್ ಬೇರೆ. ಇಲ್ಲಿ ಅದು ತಂತಿಯಲ್ಲಿ ಹರಿಯುವ ಆಂಪಿಯರ್ ಮಾತ್ರ.

ಮೊದಲು ರಾಡನ್ನು ನೀರಿಗಿಳಿಸಿ, ಆಮೇಲೆ ಸ್ವಿಚ್ ಹಾಕಿ. ಅದು ಉರಿಯುತ್ತಿರುವಾಗ ನೀರು ಮುಟ್ಟಬೇಡಿ.

ಈಗ ಕರೆಂಟ್ ಅಳೆಯುವುದು. ಹತ್ತರಲ್ಲಿ ಒಂಬತ್ತು ಜನ ಕೆಡಿಸುವುದು ಇಲ್ಲೇ. ಸಂತೆಯಲ್ಲೂ ಸಿಗುವ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಇದಕ್ಕೆ ಬೇಡವೇ ಬೇಡ. ಅಂಥ ಹೆಚ್ಚಿನ ಮೀಟರ್‌ಗಳಲ್ಲಿ ಬ್ಯಾಟರಿಯದ್ದರಂತೆ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್ ಮಾತ್ರ ಅಳೆಯಬಹುದು, ಮನೆಯ ಲೈನ್ ದಿಕ್ಕು ಬದಲಿಸುತ್ತಲೇ ಇರುವ ಎಸಿ. ಅದರ 10 ಆಂಪಿಯರ್ ತೂತಿಗೆ ಒಳಗೆ ಫ್ಯೂಸ್ ಕೂಡ ಇರುವುದಿಲ್ಲ. ಕೆಂಪು ವೈರನ್ನು ಆ ತೂತಿನಲ್ಲೇ ಬಿಟ್ಟು, ಮರೆತು ಸಾಕೆಟ್‌ಗೆ ಚುಚ್ಚಿದರೆ ನೇರ ಶಾರ್ಟ್. ಪ್ರೋಬ್‌ನ ತುದಿ ಕರಗಿ ಕಪ್ಪು ಮುತ್ತಾಗಿದ್ದನ್ನು ನಾನು ಐಟಿಐ ಹುಡುಗರ ಕೈಯಲ್ಲಿ ಒಂದಲ್ಲ, ನಾಲ್ಕಾರು ಸಲ ನೋಡಿದ್ದೇನೆ.

ಬೇಕಿರುವುದು ಕ್ಲಾಂಪ್ ಮೀಟರ್. ಹಳೆಯ ಎಲೆಕ್ಟ್ರಿಷಿಯನ್‌ಗಳು ಟಾಂಗ್ ಟೆಸ್ಟರ್ ಎನ್ನುತ್ತಾರೆ. ಅದರ ಬಾಯಿಯೊಳಗೆ ತಂತಿ ಹಾದರೆ ಸಾಕು, ಏನನ್ನೂ ಬಿಚ್ಚಬೇಕಿಲ್ಲ. ಆದರೆ ಹಾಯಬೇಕಾದ್ದು ಒಂದೇ ತಂತಿ! ರಾಡ್‌ನ ದಪ್ಪ ವೈರನ್ನು ಇಡಿಯಾಗಿ ಬಾಯಿಗೆ ಕೊಟ್ಟರೆ, ಫೇಸ್‌ನಲ್ಲಿ ಹೋದ ಕರೆಂಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದರಿಂದ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ನೆರೆಯವರ ಮೊದಲ ಸೊನ್ನೆಯ ಗುಟ್ಟು ಇದೇ. ಪರಿಹಾರವಾಗಿ, ಒಂದಡಿ ಉದ್ದದ ಎಕ್ಸ್‌ಟೆನ್ಷನ್ ಒಂದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿಟ್ಟುಕೊಳ್ಳಿ: ಒಂದು ತುದಿಗೆ 16 ಆಂಪಿಯರ್ ಪ್ಲಗ್, ಇನ್ನೊಂದಕ್ಕೆ ಸಾಕೆಟ್. ನಡುವೆ ಗೇಣುದ್ದ ಹೊರಗಿನ ಸಿಪ್ಪೆಯನ್ನಷ್ಟೇ ಉದ್ದಕ್ಕೆ ಸೀಳಿ, ಒಳಗಿನ ಇನ್ಸುಲೇಷನ್‌ಗೆ ಬ್ಲೇಡ್ ತಾಗದಂತೆ ಫೇಸ್ ವೈರನ್ನು ಕುಣಿಕೆಯ ಹಾಗೆ ಹೊರಗೆಳೆದಿರಬೇಕು. ಮೀಟರನ್ನು ಎಸಿ ಆಂಪಿಯರ್‌ಗೆ ತಿರುಗಿಸಿ, ಕುಣಿಕೆಯನ್ನು ಬಾಯಿಯ ನಡುವಿಗೆ ತಂದು, ಬಾಯಿ ಪೂರ್ತಿ ಮುಚ್ಚಿದೆಯೇ ನೋಡಿ. ಬಲ್ಬಿನಂಥ ಸಣ್ಣ ಲೋಡಾದರೆ ಅದೇ ತಂತಿಯನ್ನು ಬಾಯಿಯೊಳಗಿಂದ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಅದಕ್ಕೆ ಉದ್ದನೆಯ ಕುಣಿಕೆ ಬೇಕು.

ನೆರೆಯವರ ರಾಡ್‌ಗೆ ಹೀಗೆ ಅಳೆದಾಗ ನಮಗೆ ಬಂದದ್ದು 6.1 ಆಂಪಿಯರ್.

ವೋಲ್ಟೇಜನ್ನು ರಾಡ್ ಉರಿಯುತ್ತಿರುವಾಗಲೇ, ಅದರ ಪಕ್ಕದ ಸಾಕೆಟ್‌ನಲ್ಲೇ ನೋಡಬೇಕು. ಪ್ಲಗ್‌ನ ಹಾಗೆ ಸಿಕ್ಕಿಸುವ ಪುಟ್ಟ ಡಿಜಿಟಲ್ ವೋಲ್ಟ್‌ಮೀಟರ್ ಸಾಕು. ‘ಮನೆ ಲೈನ್ 230 ತಾನೇ’ ಎಂದು ಅಳೆಯದೆ ಗುಣಿಸಿದ್ದು ನೆರೆಯವರ ಎರಡನೇ ತಪ್ಪು, ಆ 1400 ಬಂದದ್ದು ಅಲ್ಲಿಂದ. ರಾಡ್ ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಇದ್ದದ್ದು 214 ವೋಲ್ಟ್. 214ನ್ನು 6.1ರಿಂದ ಗುಣಿಸಿದರೆ 1305 ವಾಟ್.

“ಮೇಷ್ಟ್ರೇ, ಇನ್ನೂ ಕಡಿಮೆಯಾಯ್ತಲ್ಲ!” ಎಂದರು ನೆರೆಯವರು.

ಇಲ್ಲಿ ರೋಧ ಕೈಹಿಡಿಯುತ್ತದೆ. 214 ಭಾಗಿಸು 6.1, ಹೆಚ್ಚುಕಡಿಮೆ 35 ಓಮ್. ವೋಲ್ಟೇಜ್ ಏರಿಳಿದರೂ ರಾಡ್‌ನ ಈ ಅಂಕಿ ಹೆಚ್ಚೇನೂ ಅಲುಗುವುದಿಲ್ಲ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ರೋಧದಿಂದ ಭಾಗಿಸಿದರೂ ವಾಟ್ ಸಿಗುತ್ತದೆ. 230ಕ್ಕೆ 230 ಗುಣಿಸಿದರೆ 52,900, ಅದನ್ನು 35ರಿಂದ ಭಾಗಿಸಿದರೆ 1511. ಅಂದರೆ ಪೂರ್ತಿ ವೋಲ್ಟೇಜ್ ಸಿಕ್ಕರೆ ರಾಡ್ ಹೇಳಿದಷ್ಟೇ ಎಳೆಯುತ್ತದೆ. ಅಂಗಡಿಯವನು ಬಚಾವಾದ.

ಹಾಗಾದರೆ ವೋಲ್ಟೇಜ್ ತಿಂದವರು ಯಾರು? ವೋಲ್ಟ್‌ಮೀಟರನ್ನು ಗೋಡೆಯ ಬೋರ್ಡ್‌ಗೆ ಸಿಕ್ಕಿಸಿದೆವು: 221. ಲೈನೇ ಸ್ವಲ್ಪ ಕಡಿಮೆ, ಜೊತೆಗೆ 7 ವೋಲ್ಟ್ ಆ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲೇ ಮಾಯ. 7ನ್ನು 6.1ರಿಂದ ಗುಣಿಸಿ, ಸುಮಾರು 43 ವಾಟ್ ಶಾಖ ಆ ತೆಳು ವೈರಿನಲ್ಲಿ, ಸಡಿಲ ಸಾಕೆಟ್‌ನಲ್ಲಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತು ನೋಡಿದರೆ ಪಿನ್ ಬುಡದ ಬಿಳಿ ಪ್ಲಾಸ್ಟಿಕ್ ಕಂದಿ, ದೋಸೆಯ ಅಂಚಿನ ಬಣ್ಣಕ್ಕೆ ತಿರುಗಿತ್ತು. ಎಲ್ಲ ಬಗೆಯ ಪ್ಲಗ್ ನುಂಗುವ ‘ಯೂನಿವರ್ಸಲ್’ ಬಾಕ್ಸ್‌ಗಳಲ್ಲಿ ಯಾವ ಪಿನ್ನೂ ಬಿಗಿಯಾಗಿ ಕೂರುವುದಿಲ್ಲ. ರಾಡ್, ಇಸ್ತ್ರಿಪೆಟ್ಟಿಗೆಯನ್ನು ಅದಕ್ಕೆ ಹಾಕಲೇಬೇಡಿ, ಗೋಡೆಯ 16 ಆಂಪಿಯರ್ ಸಾಕೆಟ್ ಇರುವುದೇ ಅದಕ್ಕೆ.

ಮೀಟರ್‌ನಲ್ಲಿ ಓಮ್ ಅಳೆಯುವ ಗುಂಡಿ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಪ್ಲಗ್ ಕಿತ್ತಿಟ್ಟ ರಾಡ್‌ಗಾದರೆ ಆ ಅಡ್ಡದಾರಿ ನಡೆಯುತ್ತದೆ. ಹಳೆಯ 60 ವಾಟ್ ತಂತಿ ಬಲ್ಬ್‌ಗೆ ನಡೆಯದು: ಉರಿಯುವಾಗ ಅದರ ರೋಧ ಸುಮಾರು 880 ಓಮ್, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗವೂ ಇರದು.

ಫ್ಯಾನ್, ಫ್ರಿಜ್, ಎಲ್‌ಇಡಿ ಬಲ್ಬ್‌ಗಳಿಗೆ ಈ ಲೆಕ್ಕ ಹಚ್ಚಬೇಡಿ. ಅಲ್ಲಿ ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾದ ವಾಟ್ ಎಷ್ಟು ಪಾಲು ಎಂಬ ಅಂಕಿ) ಬರುವುದರಿಂದ ಗುಣಿಸಿ ಬಂದದ್ದು ನಿಜವಾದ ವಾಟ್‌ಗಿಂತ ಹೆಚ್ಚೇ ಇರುತ್ತದೆ, ಭಾಗಿಸಿ ಬಂದದ್ದು ಶುದ್ಧ ರೋಧವೂ ಅಲ್ಲ. ಅವುಗಳಿಗೆ ಪ್ಲಗ್‌ಗೆ ಸಿಕ್ಕಿಸುವ ವಾಟ್‌ಮೀಟರ್ ತಂದು ನೇರ ಓದಿಕೊಳ್ಳಿ.